ರೇಡಿಯೇಟರ್ ಬದಲಾವಣೆ (ಲಾರಿ ಮತ್ತು ದೊಡ್ಡ ಎಸ್‌ಯುವಿಗಳಲ್ಲಿ)

ಎಂಜಿನ್ನಿನ ಸುತ್ತ ಹರಿದು ಬಿಸಿಯಾದ ದ್ರವವನ್ನು (ಕೂಲೆಂಟನ್ನು) ಗಾಳಿಗೆ ಒಡ್ಡಿ ತಣಿಸುವ ರೇಡಿಯೇಟರ್ ಸೋರಿದಾಗ, ಒಳಗೆ ಕಟ್ಟಿಕೊಂಡಾಗ ಅಥವಾ ಹೊರಗಿನಿಂದ ತುಕ್ಕು ತಿಂದಾಗ ಅದನ್ನು ಕಳಚಿ ಹೊಸದನ್ನು ಕೂರಿಸುವ ಕೆಲಸವೇ ರೇಡಿಯೇಟರ್ ಬದಲಾವಣೆ. ಎಂಜಿನ್ನಿನಲ್ಲಿ ಸುಡುವ ಇಂಧನದ ಶಾಖದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಈ ದ್ರವದ ಮೂಲಕವೇ ಹೊರಹೋಗಬೇಕಾಗಿರುವುದರಿಂದ, ಭಾರ ಹೊತ್ತ ಲಾರಿಯಲ್ಲಿ ರೇಡಿಯೇಟರಿನ ಸಣ್ಣ ದೋಷವೂ ಕೆಲವೇ ನಿಮಿಷಗಳಲ್ಲಿ ಎಂಜಿನ್ನಿನ ದೊಡ್ಡ ದೋಷವಾಗಿ ಬೆಳೆಯಬಲ್ಲದು. ಹೆಸರಿನ ಅರ್ಥ ‘ವಿಕಿರಣ ಮಾಡುವುದು’ ಎಂದಾದರೂ ಇಲ್ಲಿ ವಿಕಿರಣದ ಪಾತ್ರ ಅಲ್ಪವೇ. ಶಾಖದ ಬಹುಪಾಲನ್ನು ಒಯ್ಯುವುದು ತೆಳುವಾದ ಲೋಹದ ರೆಕ್ಕೆಗಳ ನಡುವೆ ನುಗ್ಗುವ ಗಾಳಿ.

ಈ ಸಾಧನದ ಇಂದಿನ ರೂಪಕ್ಕೆ ಮೂಲವೆನ್ನಬಹುದಾದದ್ದು ಜರ್ಮನಿಯ ವಿಲ್‌ಹೆಲ್ಮ್ ಮೈಬಾಕ್ 1900ರಲ್ಲಿ ರೂಪಿಸಿದ ಜೇನುಗೂಡು ಮಾದರಿಯ ರೇಡಿಯೇಟರ್. ಮರ್ಸಿಡಿಸ್ 35 ಎಚ್‌ಪಿ ಕಾರಿಗಾಗಿ ಮಾಡಿದ ಅದರಲ್ಲಿ 8,070 ಸಣ್ಣ ಚೌಕ ಕೊಳವೆಗಳನ್ನು ಬೆಸುಗೆ ಹಾಕಿ ಜೋಡಿಸಲಾಗಿತ್ತು. ಮುಂದಿನ ಹಲವು ದಶಕಗಳ ಕಾಲ ರೇಡಿಯೇಟರ್ ಎಂದರೆ ಹಿತ್ತಾಳೆಯ ಕೊಳವೆ, ತಾಮ್ರದ ರೆಕ್ಕೆ, ಮೇಲೊಂದು ಕೆಳಗೊಂದು ಹಿತ್ತಾಳೆಯ ತೊಟ್ಟಿ ಎಂದೇ ಅರ್ಥ. 1954ರಲ್ಲಿ ಡೈಮ್ಲರ್-ಬೆನ್ಜ್ ಸಹಯೋಗದಲ್ಲಿ ಟಾಟಾ ಲಾರಿಗಳ ತಯಾರಿಕೆ ಆರಂಭವಾದ ಮೇಲೆ ಭಾರತದ ಹೆದ್ದಾರಿಗಳ ಬದಿಯಲ್ಲಿ ರೇಡಿಯೇಟರ್ ದುರಸ್ತಿಯೇ ಒಂದು ಪ್ರತ್ಯೇಕ ಕಸುಬಾಗಿ ಬೆಳೆಯಿತು. ಸೋರಿದಲ್ಲಿ ತವರ-ಸೀಸದ ಬೆಸುಗೆ ಹಾಕುವುದು, ತೊಟ್ಟಿಯನ್ನು ಬಿಡಿಸಿ ಕಟ್ಟಿಕೊಂಡ ಕೊಳವೆಗಳಿಗೆ ಚಪ್ಪಟೆ ಸಲಾಕೆ ತೂರಿಸಿ ಕಿಟ್ಟ ತೆಗೆಯುವುದು, ಅದೂ ಆಗದಿದ್ದರೆ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲವನ್ನು ಮಾತ್ರ ಹೊಸದಾಗಿ ಹಾಕುವುದು ಆ ಕಸುಬಿನ ಮೂರು ಮೆಟ್ಟಿಲುಗಳಾಗಿದ್ದವು. ಇಡೀ ರೇಡಿಯೇಟರನ್ನು ಬದಲಿಸುವುದು ಅಪರೂಪದ, ದುಂದಿನ ಕೆಲಸವೆಂದೇ ಲಾರಿ ಮಾಲೀಕರ ಎಣಿಕೆಯಾಗಿತ್ತು.

ಆ ಎಣಿಕೆಯನ್ನು ಬದಲಿಸಿದ್ದು ಅಲ್ಯೂಮಿನಿಯಂ. ಶಾಖವನ್ನು ಹರಿಸುವ ಗುಣದಲ್ಲಿ ಅದು ತಾಮ್ರಕ್ಕಿಂತ ಕಡಿಮೆಯಾದರೂ ಹಗುರ ಮತ್ತು ಅಗ್ಗ. ಅಲ್ಲದೆ ಕುಲುಮೆಯಲ್ಲಿ ಒಂದೇ ಬಾರಿಗೆ ಬೆಸೆಯುವುದರಿಂದ ಅಗಲವಾದ ಕೊಳವೆಗಳನ್ನು ಬಳಸಲು ಸಾಧ್ಯವಾಗಿ ಆ ಕೊರತೆ ತುಂಬಿಹೋಗುತ್ತದೆ. ಇಂದಿನ ಎಸ್‌ಯುವಿಗಳಲ್ಲಿಯೂ ಬಹುತೇಕ ಲಾರಿಗಳಲ್ಲಿಯೂ ಇರುವುದು ಅಲ್ಯೂಮಿನಿಯಂ ಜಾಲದ ಎರಡು ತುದಿಗೆ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಲೋಹದ ಹಲ್ಲುಗಳನ್ನು ಮಡಿಸಿ ಬಿಗಿದ ಪ್ಲಾಸ್ಟಿಕ್ ತೊಟ್ಟಿಗಳ ರೇಡಿಯೇಟರ್. ವರ್ಷಗಳ ಬಿಸಿ-ತಂಪಿಗೆ ಪ್ಲಾಸ್ಟಿಕ್ ಗಡುಸಾಗಿ ಬಿರುಕು ಬಿಟ್ಟರೆ ಅದಕ್ಕೆ ಬೆಸುಗೆ ಹತ್ತುವುದಿಲ್ಲ. ಅಂಟು ಮೆತ್ತಿದರೆ ಮುಂದಿನ ಏರಿನವರೆಗೆ ತಡೆದೀತು, ಅಷ್ಟೆ. ಹೀಗಾಗಿ ಒಂದು ಕಾಲದ ದುರಸ್ತಿಯ ಕಸುಬು ಇಂದು ಬಹುಮಟ್ಟಿಗೆ ಬದಲಾವಣೆಯ ಕೆಲಸವಾಗಿದೆ.

ಪಶ್ಚಿಮ ಕರಾವಳಿಯ ರಸ್ತೆಗಳು ಈ ಕೆಲಸಕ್ಕೆ ಕಾರಣಗಳನ್ನು ಧಾರಾಳವಾಗಿಯೇ ಒದಗಿಸುತ್ತವೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಕಾರವಾರ, ಕುಂದಾಪುರ, ಉಡುಪಿ, ಮಂಗಳೂರುಗಳನ್ನು ಹಾದು ತಲಪಾಡಿಯಲ್ಲಿ ಕೇರಳವನ್ನು ಪ್ರವೇಶಿಸಿ, ಕಾಸರಗೋಡು, ಕೋಯಿಕ್ಕೋಡುಗಳ ಮೂಲಕ ಕೊಚ್ಚಿಯ ಪಾಲಾರಿವಟ್ಟಂ ತಲುಪಿ, ಅಲ್ಲಿಂದ ಆಲಪ್ಪುಳದ ಮಾರ್ಗವಾಗಿ ತಿರುವನಂತಪುರಕ್ಕೆ ಇಳಿಯುತ್ತದೆ. ಸೇಲಂನಿಂದ ಪಾಲಕ್ಕಾಡು ಕಣಿವೆಯ ಮೂಲಕ ಬರುವ ಹೆದ್ದಾರಿ 544 ಪಾಲಾರಿವಟ್ಟಂಗೆ ಸ್ವಲ್ಪ ಉತ್ತರಕ್ಕಿರುವ ಎಡಪ್ಪಳ್ಳಿಯಲ್ಲಿ ಇದನ್ನು ಕೂಡಿಕೊಳ್ಳುತ್ತದೆ. ಕರ್ನಾಟಕದಿಂದ ಕರಾವಳಿಯ ದಾರಿಯಲ್ಲಿ ಬಂದ ಲಾರಿಯೂ ಘಟ್ಟದಾಚೆಯ ಬಯಲಿನಿಂದ ಬಂದ ಲಾರಿಯೂ ಹೀಗೆ ಕೊಚ್ಚಿಯ ಒಂದೇ ಬೈಪಾಸಿನಲ್ಲಿ ಸಾಲುಗಟ್ಟುತ್ತವೆ. ಗಾಡಿ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಸಾಲಿನಲ್ಲಿ ನಿಂತು ತೆವಳುವಾಗ ಎಲ್ಲ ಹೊಣೆಯೂ ಫ್ಯಾನಿನ ಮೇಲೆ ಬೀಳುತ್ತದೆ. ಪಾಲಾರಿವಟ್ಟಂನಲ್ಲಿ 2016ರ ಅಕ್ಟೋಬರಿನಲ್ಲಿ ತೆರೆದ ಮೇಲುಸೇತುವೆಯನ್ನು ಬಿರುಕುಗಳ ಕಾರಣ 2019ರ ಮೇ ತಿಂಗಳಲ್ಲಿ ಮುಚ್ಚಿ, ಪುನರ್ನಿರ್ಮಿಸಿ, 2021ರ ಮಾರ್ಚಿನಲ್ಲಿ ಮತ್ತೆ ತೆರೆಯುವವರೆಗೆ ಬೈಪಾಸಿನ ವಾಹನಗಳೆಲ್ಲ ಕೆಳಗಿನ ಕೂಡುರಸ್ತೆಯನ್ನೇ ದಾಟಬೇಕಾಗಿತ್ತು. ದುರ್ಬಲವಾದ ಫ್ಯಾನ್ ಕ್ಲಚ್ಚನ್ನು ಬಯಲಿಗೆಳೆಯಲು ಅಂಥ ಕೂಡುರಸ್ತೆಗಿಂತ ಬೇರೆ ಪರೀಕ್ಷೆ ಬೇಕಿಲ್ಲ. ಬಿಸಿಗಾಳಿ ತಾಗಿದಾಗ ಒಳಗಿನ ಸಿಲಿಕೋನ್ ಎಣ್ಣೆಯ ಮೂಲಕ ಫ್ಯಾನನ್ನು ಎಂಜಿನ್ನಿಗೆ ಹಿಡಿಸಿ ವೇಗ ಹೆಚ್ಚಿಸುವ ಭಾಗವೇ ಫ್ಯಾನ್ ಕ್ಲಚ್.

ಕರಾವಳಿಯಲ್ಲಿ ರೇಡಿಯೇಟರಿಗೆ ಶತ್ರುಗಳು ಎರಡು ಕಡೆಯಿಂದ ಬರುತ್ತವೆ. ಹೊರಗಿನಿಂದ ಉಪ್ಪುಗಾಳಿ ರೆಕ್ಕೆಗಳನ್ನು ಪುಡಿಮಾಡುತ್ತದೆ. ಮುಟ್ಟಿದರೆ ಉದುರುವ ರೆಕ್ಕೆ ಸೋರದಿದ್ದರೂ ಶಾಖವನ್ನು ಒಯ್ಯಲಾರದು. ಒಳಗಿನಿಂದ ಕೆಡಿಸುವುದು ನೀರು. ಕೊಚ್ಚಿಯ ತಗ್ಗುಪ್ರದೇಶದ ಬಾವಿಗಳಲ್ಲಿ ಉಪ್ಪಿನ ಅಂಶ, ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಸುಣ್ಣದ ಅಂಶ. ಮೊದಲನೆಯದು ಲೋಹವನ್ನು ಕೊರೆಯುತ್ತದೆ, ಎರಡನೆಯದು ಬಿಸಿಗೆ ಗಟ್ಟಿಯಾಗಿ ಕೊಳವೆಯ ಒಳಮೈಗೆ ಅಂಟುತ್ತದೆ. ದಾರಿಯಲ್ಲಿ ಸಿಕ್ಕ ನೀರನ್ನು ಸುರಿಯುವ ಲಾರಿಗೆ ಎರಡೂ ದಕ್ಕುತ್ತವೆ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಸುರಿಯುವ ಹಳೆಯ ಉಪಾಯವನ್ನೂ ಇಲ್ಲಿಯೇ ಹೇಳಬೇಕು. ಅದು ರಂಧ್ರದಲ್ಲಿ ಸೇರಿ ತಾತ್ಕಾಲಿಕವಾಗಿ ಬಾಯಿಮುಚ್ಚುವುದು ನಿಜ. ಆದರೆ ಕಿರಿದಾದ ಕೊಳವೆಗಳಲ್ಲಿಯೂ ಹೀಟರಿನ ಜಾಲದಲ್ಲಿಯೂ ಅದೇ ಪುಡಿ ಕೆಸರಾಗಿ ಕೂರುತ್ತದೆ.

ಬದಲಾವಣೆಗೆ ಮೊದಲು ತೀರ್ಮಾನಿಸಬೇಕಾದ ಪ್ರಶ್ನೆಯೆಂದರೆ ದೋಷ ನಿಜವಾಗಿಯೂ ರೇಡಿಯೇಟರಿನದೇ ಎಂಬುದು. ಕೆಲಸದ ಅತಿ ಕಷ್ಟದ ಭಾಗ ಇದೇ ಆದರೂ ಗ್ಯಾರೇಜುಗಳಲ್ಲಿ ಅತಿ ಅವಸರದಲ್ಲಿ ಮುಗಿಯುವುದೂ ಇದೇ. ಥರ್ಮೋಸ್ಟಾಟ್, ಅಂದರೆ ದ್ರವ ಸುಮಾರು 82 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಮಾತ್ರ ಅದನ್ನು ರೇಡಿಯೇಟರಿಗೆ ಬಿಡುವ ಕವಾಟ, ಮುಚ್ಚಿಕೊಂಡೇ ಉಳಿದರೆ ಎಂಜಿನ್ ಕಾಯುತ್ತದೆ, ಕೆಳಗಿನ ಹೋಸ್ ಮಾತ್ರ ತಣ್ಣಗಿರುತ್ತದೆ. ಮುಚ್ಚಳದ ಒತ್ತಡ ಕವಾಟ ಸಡಿಲವಾದರೆ ದ್ರವ ಬೇಗ ಕುದಿಯುತ್ತದೆ. ಅದರಲ್ಲಿಯೇ ಇರುವ ನಿರ್ವಾತ ಕವಾಟ ಕಚ್ಚಿಕೊಂಡರೆ ಎಂಜಿನ್ ಆರಿದ ಮೇಲೆ ಹೋಸು ಒಳಕ್ಕೆ ಚಪ್ಪಟೆಯಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ ಓಡುವಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಏಳುತ್ತವೆ, ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಬಹುದು. ಅಂಥ ಗಾಡಿಗೆ ಹೊಸ ರೇಡಿಯೇಟರ್ ಹಾಕುವುದು ಹಣ ಕಳೆದುಕೊಳ್ಳುವ ನೇರ ದಾರಿ. ಎಂಜಿನ್ ತಣ್ಣಗಿರುವಾಗ ಕೈಪಂಪಿನಿಂದ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡವನ್ನು, ಸಾಮಾನ್ಯವಾಗಿ 0.9 ಅಥವಾ 1.1 ಬಾರ್, ತುಂಬಿ ಮುಳ್ಳು ಇಳಿಯುವುದೇ ಎಂದು ಕಾಯುವುದು ಸೋರಿಕೆಯನ್ನು ಪತ್ತೆಹಚ್ಚುವ ಸರಳ ವಿಧಾನ.

ಬಿಸಿಯಾದ ಗಾಡಿಯ ಮುಚ್ಚಳ ತೆಗೆಯಬಾರದೆಂಬ ಎಚ್ಚರಿಕೆಗೆ ಭೌತಶಾಸ್ತ್ರದ ಆಧಾರವಿದೆ. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರಿಯ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಬಿದ್ದು, 100 ಡಿಗ್ರಿ ಮೀರಿದ ನೀರಿನ ಒಂದು ಭಾಗ ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಘಟ್ಟದ ತಿರುವಿನಲ್ಲಿ ಕ್ಲೀನರ್ ಹುಡುಗರು ಒದ್ದೆ ಗೋಣಿಚೀಲ ಹೊದಿಸಿ ಮುಚ್ಚಳ ತಿರುಗಿಸುವ ರೂಢಿ ಈ ಅಪಾಯವನ್ನು ಕಡಿಮೆ ಮಾಡೀತೇ ಹೊರತು ನೀಗುವುದಿಲ್ಲ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಸಿಲಿಂಡರ್ ಹೆಡ್ಡೇ ಬಿರಿಯಬಹುದು.

ಕಳಚುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆಯಾದರೂ ಸಾಮಾನ್ಯವಾಗಿ ಎಂಜಿನ್ ಪೂರ್ತಿ ಆರಿದ ಮೇಲೆ ಚಕ್ರಕ್ಕೆ ಕಟ್ಟೆಯಿಟ್ಟು, ಬ್ಯಾಟರಿಯ ತಂತಿ ಬಿಡಿಸಿ, ಕೆಳಗಿನ ಡ್ರೈನ್ ತಿರುಪನ್ನು ತೆರೆದು ಹಳೆಯ ದ್ರವವನ್ನು ಪಾತ್ರೆಗೆ ಇಳಿಸಲಾಗುತ್ತದೆ. ದೊಡ್ಡ ಎಸ್‌ಯುವಿಯಲ್ಲಿ ಅದು 10 ಲೀಟರಿನ ಆಸುಪಾಸಿನಲ್ಲಿದ್ದರೆ ಭಾರಿ ಲಾರಿಯಲ್ಲಿ 20 ಲೀಟರನ್ನು ಮೀರುವುದು ಸಾಮಾನ್ಯ. ಬಳಿಕ ಮುಂಭಾಗದ ಜಾಲರಿ, ಫ್ಯಾನಿನ ಸುತ್ತಲ ಕವಚ, ಮೇಲಿನ ಮತ್ತು ಕೆಳಗಿನ ಹೋಸುಗಳನ್ನು ಬಿಚ್ಚಬೇಕು. ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರ್ ಮತ್ತು ಟರ್ಬೋದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದರ ಮೇಲೊಂದು ಇರುವುದರಿಂದ, ಅನಿಲದ ಕೊಳವೆಗಳನ್ನು ಮುಟ್ಟದೆ ಕಂಡೆನ್ಸರನ್ನು ಮುಂದಕ್ಕೆ ಕಟ್ಟಿ ನಿಲ್ಲಿಸುವುದು ಜಾಣತನ. ಆಟೋಮ್ಯಾಟಿಕ್ ಗೇರಿನ ಎಸ್‌ಯುವಿಗಳಲ್ಲಿ ಗೇರ್ ಎಣ್ಣೆಯನ್ನು ತಣಿಸುವ ಸುರುಳಿ ರೇಡಿಯೇಟರಿನ ತೊಟ್ಟಿಯೊಳಗೇ ಇರುವುದುಂಟು. ಅದು ತೂತಾಗಿ ಎಣ್ಣೆಯೂ ಕೂಲೆಂಟೂ ಬೆರೆತಿದ್ದರೆ ರೇಡಿಯೇಟರಿಗಿಂತ ಬಹಳ ದುಬಾರಿಯಾದ ಗೇರ್‌ಬಾಕ್ಸ್ ಕೆಡುತ್ತದೆ. ಲಾರಿಯ ಚಾಸಿ ತಗ್ಗುದಿಣ್ಣೆಗಳಲ್ಲಿ ತಿರುಚಿಕೊಳ್ಳುವುದರಿಂದ ರೇಡಿಯೇಟರನ್ನು ರಬ್ಬರ್ ಬುಷ್‌ಗಳ ಮೇಲೆ ತೇಲಿಸಿ ಕೂರಿಸಿರುತ್ತಾರೆ. ಗಟ್ಟಿಯಾದ ಹಳೆಯ ಬುಷ್‌ಗಳನ್ನೇ ಮತ್ತೆ ಹಾಕಿದರೆ ಆ ತಿರುಚು ನೇರವಾಗಿ ಹೊಸ ತೊಟ್ಟಿಯ ಅಂಚಿಗೆ ತಾಗುತ್ತದೆ. ‘ಹೊಸ ಮಾಲೇ ಸರಿಯಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಬುಷ್‌ಗಳ ದೋಷವೇ ಆಗಿರುತ್ತವೆ. ಹೊಸದನ್ನು ಕೂರಿಸುವ ಮೊದಲು ಎಂಜಿನ್ನಿನ ಒಳದಾರಿಗಳನ್ನು ತೊಳೆಯದಿದ್ದರೆ ಹಳೆಯ ಕಿಟ್ಟ ಮೊದಲ ದಿನವೇ ಹೊಸ ಕೊಳವೆಗಳನ್ನು ಹುಡುಕಿಕೊಂಡು ಬರುತ್ತದೆ.

ಹಿಮಗಟ್ಟದ ಕೊಚ್ಚಿಯಲ್ಲಿ ಹಿಮನಿರೋಧಕ ಕೂಲೆಂಟ್ ಏಕೆ ಎಂಬ ಪ್ರಶ್ನೆ ಸಹಜವಾದುದೇ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ಇರುವುದು ಇಲ್ಲಿ ನಿಷ್ಪ್ರಯೋಜಕ; ಪ್ರಯೋಜನಕ್ಕೆ ಬರುವುದು ಅದರ ಕುದಿಬಿಂದು ಏರುವುದು ಮತ್ತು, ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಕಲಸಿರುವ ತುಕ್ಕುನಿರೋಧಕಗಳು. ಶಾಖ ಹೊರುವ ಶಕ್ತಿಯಲ್ಲಿ ಈ ಮಿಶ್ರಣ ಬರಿಯ ನೀರಿಗಿಂತ ಸುಮಾರು ಆರನೆಯ ಒಂದು ಪಾಲು ಕಡಿಮೆ. ಆದ್ದರಿಂದ ನೀರು ಬೆರೆಸದ ಗ್ಲೈಕಾಲನ್ನು ತುಂಬಿದರೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ತಪ್ಪು. ಬೆರೆಸುವ ನೀರು ಲವಣ ತೆಗೆದದ್ದಾಗಿರಬೇಕು. ಹಸಿರು, ಕೆಂಪು, ನೀಲಿ ಬಣ್ಣಗಳು ತಯಾರಕರ ಇಷ್ಟವೇ ಹೊರತು ರಾಸಾಯನಿಕ ಗುಣದ ಗುರುತಲ್ಲ. ಬಣ್ಣ ಹೊಂದಿತೆಂದು ಎರಡು ಜಾತಿಯ ಕೂಲೆಂಟ್ ಬೆರೆಸುವುದು ಸಲ್ಲದು. ಭಾರಿ ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರಿನ ಒಳಗೋಡೆಯಾದ ಲೈನರಿನ ಕಂಪನದಿಂದ ಹುಟ್ಟುವ ಆವಿಗುಳ್ಳೆಗಳು ಒಡೆದು ಲೈನರನ್ನೇ ಹೊರಗಿನಿಂದ ಕೊರೆಯುವುದರಿಂದ ಅವುಗಳಿಗೆಂದೇ ಬೇರೆ ಕೂಲೆಂಟ್ ಇದೆ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾದ ಬಿಎಸ್-6 ನಿಯಮದ ಗಾಡಿಗಳ ಪೈಕಿ ಹೊಗೆಯ ಒಂದಂಶವನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳುಹಿಸುವಂಥವುಗಳಲ್ಲಿ ಆ ಶಾಖದ ಹೊರೆಯೂ ಇದೇ ದ್ರವದ ಮೇಲಿದೆ.

ತುಂಬುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹೊಸ ರೇಡಿಯೇಟರಿನ ಮೊದಲ ಗಂಡಾಂತರ. ಉಷ್ಣತೆ ಅಳೆಯುವ ಸೆನ್ಸರ್ ಗಾಳಿಯ ಗುಳ್ಳೆಯಲ್ಲಿ ಕುಳಿತರೆ ಎಂಜಿನ್ ಕಾಯುತ್ತಿದ್ದರೂ ಮುಳ್ಳು ತಣ್ಣಗಿದೆಯೆಂದೇ ತೋರಿಸುತ್ತದೆ. ಅದಕ್ಕಾಗಿ ಹೀಟರನ್ನು ತೆರೆದಿಟ್ಟು, ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ನಿಧಾನವಾಗಿ ತುಂಬಿ, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಬೇಕು. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ಕಡಿಮೆಯಾದಷ್ಟನ್ನು ತುಂಬಿದ ಮೇಲೆಯೇ ಗಾಡಿಯನ್ನು ಲೋಡಿಗೆ ಕಳುಹಿಸುವುದು ಒಳ್ಳೆಯದು. ಕರ್ನಾಟಕದ ಲಾರಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕೇರಳಕ್ಕೆ ತರಕಾರಿ ಹೊತ್ತು ಬರುವಾಗ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳು ಇಳಿಜಾರು, ಪೆರುಂಬಾವೂರಿನ ಪ್ಲೈವುಡ್ ತುಂಬಿಕೊಂಡು ಅದೇ ದಾರಿಯಲ್ಲಿ ಮರಳುವಾಗ ಅವೇ ಏರು.

ಇಳಿಸಿದ ಹಳೆಯ ಕೂಲೆಂಟ್ ಸಿಹಿ ರುಚಿಯ ವಿಷ. ನಾಯಿ, ದನಗಳು ನೆಕ್ಕಿ ಸಾಯುವುದುಂಟು. ಪಾಲಾರಿವಟ್ಟಂನ ಬಳಿ ಹರಿಯುವ ಎಡಪ್ಪಳ್ಳಿ ತೋಡಿಗಾಗಲಿ ರಸ್ತೆಬದಿಯ ಚರಂಡಿಗಾಗಲಿ ಅದನ್ನು ಚೆಲ್ಲಬಾರದು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಗುಜರಿಯವರು ತೂಕಕ್ಕೆ ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ. ಅಲ್ಯೂಮಿನಿಯಂನದಕ್ಕೆ, ಪ್ಲಾಸ್ಟಿಕ್ ತೊಟ್ಟಿಗಳನ್ನು ಬಿಡಿಸಿ ಕೊಟ್ಟರೂ, ಅದರ ಒಂದು ಸಣ್ಣ ಪಾಲು ಮಾತ್ರ ಸಿಗುತ್ತದೆ.