ಆಟಕ್ಕೆ ಹುಟ್ಟಿದ ಲ್ಯಾಪ್‌ಟಾಪ್ ಓದಿಗೆ ಬಂದ ಕಥೆ

ಪಿಯುಸಿ ಮುಗಿಸಿದ ಮಕ್ಕಳು 'ಗೇಮಿಂಗ್ ಲ್ಯಾಪ್‌ಟಾಪ್ ಬೇಕು' ಅಂದರೆ ನಮ್ಮೂರ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ, 'ಓದೋಕೋ, ಆಡೋಕೋ?'. ಕಡಿಮೆ ಬೆಲೆಯದು ಅಂದರೂ ಹತ್ತಾರು ಸಾವಿರ ರೂಪಾಯಿಯ ಮಾತು. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಹೇಳುವ ಮುಂಚೆ ಈ ಯಂತ್ರ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ.

ಹೊತ್ತೊಯ್ಯುವ ಕಂಪ್ಯೂಟರ್‌ಗಳಲ್ಲಿ ಮೊದಲು ಚೆನ್ನಾಗಿ ಮಾರಾಟವಾದದ್ದು 1981ರಲ್ಲಿ ಅಮೆರಿಕದಲ್ಲಿ ಬಂದ ಆಸ್ಬೋರ್ನ್ 1. ತೂಕ ಸುಮಾರು 11 ಕೆ.ಜಿ., ಪರದೆ 5 ಇಂಚು, ಬೆಲೆ 1,795 ಡಾಲರ್. ಒಳಗೆ ಬ್ಯಾಟರಿ ಇರಲಿಲ್ಲ. ಹೊತ್ತುಕೊಂಡು ಹೋಗಬಹುದಿತ್ತು, ಆದರೆ ಹೋದಲ್ಲಿ ಕರೆಂಟು ಬೇಕಿತ್ತು.

1990ರ ದಶಕದಲ್ಲಿ ಮೂರು ಆಯಾಮದ ವಿಡಿಯೊ ಗೇಮ್‌ಗಳು ಜನಪ್ರಿಯವಾದವು. ಪರದೆ ಮೇಲಿನ ಲಕ್ಷಾಂತರ ಚುಕ್ಕಿಗಳ ಬಣ್ಣವನ್ನು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕಬೇಕು. ಕಂಪ್ಯೂಟರಿನ ಮುಖ್ಯ ಚಿಪ್ಪಿಗೆ ಇದು ಭಾರವಾಯಿತು. ಭತ್ತದ ನಾಟಿ ನೆನಪಿಸಿಕೊಳ್ಳಿ. ಒಬ್ಬ ಎಷ್ಟೇ ಚುರುಕಾಗಿದ್ದರೂ ಎಕರೆ ಗದ್ದೆ ಬೇಗ ಮುಗಿಯುವುದಿಲ್ಲ. ಹತ್ತಿಪ್ಪತ್ತು ಜನ ಸಾಲಾಗಿ ನಿಂತರೆ ಮುಗಿಯುತ್ತದೆ. ಹಾಗೆ ಸಾಲಾಗಿ ನಿಂತು ಲೆಕ್ಕ ಮಾಡುವ ಚಿಪ್ಪೇ ಗ್ರಾಫಿಕ್ಸ್ ಚಿಪ್. 1993ರಲ್ಲಿ ಶುರುವಾದ ಎನ್‌ವಿಡಿಯಾ ಕಂಪನಿ 1999ರಲ್ಲಿ ಜೀಫೋರ್ಸ್ 256 ಎಂಬ ಚಿಪ್ಪನ್ನು 'ಜಿಪಿಯು' ಎಂಬ ಹೆಸರಿನಲ್ಲಿ ಮಾರಿತು. ಕೊಂಡವರು ಬಹುಪಾಲು ಆಟಗಾರರೇ.

2007ರಲ್ಲಿ ಅದೇ ಕಂಪನಿ 'ಕುಡಾ' ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿ, ಈ ಚಿಪ್ಪಿನಿಂದ ಬೇರೆ ಲೆಕ್ಕ ಮಾಡಿಸುವ ದಾರಿ ತೆರೆಯಿತು. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್‌ಸ್ಕೆವರ್ ಮತ್ತು ಅವರ ಗುರು ಜೆಫ್ರಿ ಹಿಂಟನ್ ಆಟದ ಎರಡೇ ಎರಡು ಕಾರ್ಡ್ ಬಳಸಿ, 12 ಲಕ್ಷ ಚಿತ್ರಗಳನ್ನು ತೋರಿಸಿ ಕಂಪ್ಯೂಟರಿಗೆ ಗುರುತಿಸುವುದನ್ನು ಕಲಿಸಿದರು. ಐದಾರು ದಿನ ಹಿಡಿಯಿತು. ಆ ವರ್ಷದ ಚಿತ್ರ ಗುರುತಿಸುವ ಸ್ಪರ್ಧೆಯನ್ನು ದೊಡ್ಡ ಅಂತರದಲ್ಲಿ ಗೆದ್ದರು. ಇಂದಿನ ಎಐ ಅಲೆಗೆ ಅದು ದೊಡ್ಡ ತಿರುವು. ಹಿಂಟನ್‌ಗೆ 2024ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಈ ಚಿಪ್ಪಿನ ಶಕ್ತಿ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗೂ ಇಳಿಯಿತು. 2017ರಲ್ಲಿ ಜಿಟಿಎಕ್ಸ್ 1050, 2021ರಲ್ಲಿ ಆರ್‌ಟಿಎಕ್ಸ್ 3050 ಬಂದವು. ಆಟಕ್ಕೆ ಮಾಡಿದ ಚಿಪ್ಪಿನಲ್ಲೇ ಈಗ ವಿದ್ಯಾರ್ಥಿಗಳು ಕಟ್ಟಡದ ತ್ರೀಡಿ ಮಾದರಿ ಮಾಡುತ್ತಾರೆ, ಆ್ಯನಿಮೇಶನ್ ಮಾಡುತ್ತಾರೆ, ವಿಡಿಯೊ ಎಡಿಟ್ ಮಾಡುತ್ತಾರೆ, ಎಐ ಪಾಠ ಕಲಿಯುತ್ತಾರೆ.

ಆದರೆ ಹುಟ್ಟುಗುಣ ಹೋಗಿಲ್ಲ. ಸಾಲಾಗಿ ದುಡಿಯುವವರಿಗೆಲ್ಲ ಊಟ ಹಾಕಬೇಕಲ್ಲ! ಸಾಮಾನ್ಯ ಲ್ಯಾಪ್‌ಟಾಪ್‌ನ ಚಾರ್ಜರ್ 45ರಿಂದ 65 ವ್ಯಾಟ್, ಇದರದ್ದು ಸಾಮಾನ್ಯವಾಗಿ 120ಕ್ಕೂ ಹೆಚ್ಚು. ಬಿಸಿಯಾಗುತ್ತದೆ, ಫ್ಯಾನ್ ಸದ್ದು ಮಾಡುತ್ತದೆ. ಪ್ಲಗ್ ಕಿತ್ತರೆ ವೇಗ ಇಳಿಯುತ್ತದೆ, ಭಾರವಾದ ಕೆಲಸ ಕೊಟ್ಟರೆ ಬ್ಯಾಟರಿ ಬೇಗ ಖಾಲಿ. ಆ ಹಳೆಯ ಆಸ್ಬೋರ್ನ್‌ನ ಹಾಗೆ ಇದಕ್ಕೂ ಗೋಡೆಯ ಪ್ಲಗ್ಗಿನ ಪಕ್ಕವೇ ಜಾಗ. ಕರೆಂಟು ಹೋಗಿ ಬರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಮನೆಯ ಇನ್ವರ್ಟರ್ ಇದನ್ನೂ ತಡೆಯುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಬೇಕು.

ಹಾಗಾಗಿ ನಾವು ಹೇಳುವುದು ಇಷ್ಟು. ಬಿಎ, ಬಿಕಾಂ ಓದಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ, ಆನ್‌ಲೈನ್ ತರಗತಿಗೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಹೆಚ್ಚಿನ ಹಣಕ್ಕೆ ಸಾಲ ಮಾಡಬೇಡಿ. ಆರ್ಕಿಟೆಕ್ಚರ್, ಆ್ಯನಿಮೇಶನ್, ಎಐ ಓದುವವರಿಗೆ ಇದು ಆಟದ ಸಾಮಾನಲ್ಲ, ಕಸುಬಿನ ಸಲಕರಣೆ. ಎಂಜಿನಿಯರಿಂಗ್‌ನಲ್ಲಿ ಎಲ್ಲ ವಿಭಾಗಕ್ಕೂ ಇದು ಬೇಕಾಗುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಕಾಲೇಜಿನಲ್ಲಿ ಯಾವ ಸಾಫ್ಟ್‌ವೇರ್ ಕಲಿಸುತ್ತಾರೆ ಅಂತ ಕೇಳಿ. ಅಪ್ಪ ಅಮ್ಮ ಕೇಳಿದ ಪ್ರಶ್ನೆಗೆ ಆ ಪಟ್ಟಿ ತೋರಿಸಿ ಉತ್ತರ ಕೊಡಿ.