ಹತ್ತು-ಒಂದು, ನಾಲ್ಕು-ಒಂದು: ರಹೀಂ ಸಾಬರ ಲೆಕ್ಕ

ನನ್ನ ತಂಗಿಯ ಮಗ ಇಲ್ಲೇ ಹೈದರಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾನೆ. ಓದುವುದಕ್ಕಿಂತ ಹೆಚ್ಚಾಗಿ ಕಾಲೇಜು ಟೀಮಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ಈ ವರ್ಷ ಅವರ ಟೀಮು ಆಡಿದ ಆರು ಮ್ಯಾಚಿನಲ್ಲಿ ಆರೂ ಸೋತಿತು. ಹುಡುಗರು ಕೋಚಿಗೆ ಏನೂ ಬರೋದಿಲ್ಲ ಅಂತಾರೆ. ಕೋಚು, ಇಂಥ ಹುಡುಗರನ್ನ ಕೊಟ್ಟು ಗೆಲ್ಲಿಸು ಅಂದರೆ ನಾನೇನು ಮಾಡಲಿ ಅಂತಾನಂತೆ. ಕಾಲೇಜಿನವರು ಸುಲಭದ ದಾರಿ ಹಿಡಿದರು, ಕೋಚನ್ನ ಮನೆಗೆ ಕಳಿಸಿದರು. "ಮಾಮಾ, ನೀವೇ ಹೇಳ್ರಿ, ತಪ್ಪು ಯಾರದು?" ಅಂತ ನನ್ನ ಮುಂದೆ ಪಂಚಾಯ್ತಿ ತಂದ.

ನಾನು ಗುಲ್ಬರ್ಗಾದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಡೆಬಿಟ್ಟು ಕ್ರೆಡಿಟ್ಟು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಹೈದರಾಬಾದಿಗಿಂತ ಒಳ್ಳೇ ಊರು ನಮ್ಮ ದೇಶದಲ್ಲಿ ಇಲ್ಲ ಅನ್ನೋದು ಮಾತ್ರ ಗೊತ್ತು. ಯಾಕಂದರೆ ಭಾರತದ ಫುಟ್‌ಬಾಲ್ ಒಂದು ಕಾಲಕ್ಕೆ ಏಷ್ಯಾಕ್ಕೇ ಮೊದಲಾಗಿತ್ತು. ಅದನ್ನ ಅಲ್ಲಿಗೆ ಮುಟ್ಟಿಸಿದ ಕೋಚ್ ಸೈಯದ್ ಅಬ್ದುಲ್ ರಹೀಂ ಇದೇ ಊರಿನವರು.

ಮುಂಬೈ, ಪುಣೆ, ದಿಲ್ಲಿಯಲ್ಲಿರುವ ಕನ್ನಡಿಗರಿಗೆ ಹೈದರಾಬಾದು ಅಂದರೆ ಹೊರ ರಾಜ್ಯ. ನಮಗೆ, ಅಂದರೆ ಗುಲ್ಬರ್ಗಾ, ಬೀದರ್, ರಾಯಚೂರಿನವರಿಗೆ ಹಾಗಲ್ಲ ನೋಡ್ರಿ. 1956ರ ನವೆಂಬರ್ ಒಂದರ ತನಕ ಇದೇ ನಮ್ಮ ರಾಜಧಾನಿ. ನಮ್ಮಪ್ಪ ಇಲ್ಲಿಗೆ ಓದಲು ಬಂದವರು. ಫತೇ ಮೈದಾನದಲ್ಲಿ ಪೊಲೀಸ್ ಟೀಮಿನ ಮ್ಯಾಚ್ ಇದ್ದ ದಿನ ಮಧ್ಯಾಹ್ನದ ಮೇಲೆ ಕ್ಲಾಸಿನಲ್ಲಿ ಮೇಷ್ಟ್ರೂ ಇರುತ್ತಿರಲಿಲ್ಲ, ಹುಡುಗರೂ ಇರುತ್ತಿರಲಿಲ್ಲ ಅಂತಿದ್ದರು. ಹಾಗಾಗಿ ಹೈದರಾಬಾದ್ ಸಿಟಿ ಪೊಲೀಸ್ ಟೀಮು ನಮ್ಮ ಮನೆಯಲ್ಲಿ "ನಮ್ಮ ಟೀಮು". ರಹೀಂ ಬರೀ ರಹೀಂ ಅಲ್ಲ, ರಹೀಂ ಸಾಬ್.

ರಹೀಂ ಸಾಬ್ ಹುಟ್ಟಿದ್ದು 1909ರಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರ, ಅಲ್ಲಿನ ಟೀಮಿನಲ್ಲೇ ಆಡಿದವರು. ಹೊಟ್ಟೆಪಾಡಿಗೆ ಶಾಲಾ ಮಾಸ್ತರಿಕೆ. ಅವರು ಪಾಠ ಹೇಳಿದ ಶಾಲೆಗಳಲ್ಲಿ ಕಾಚಿಗುಡದ್ದೂ ಒಂದು. ಕಾಚಿಗುಡ ಅಂದರೆ ಇಲ್ಲಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಕರ್ನಾಟಕ ಸಾಹಿತ್ಯ ಮಂದಿರ ಇರುವ ಜಾಗ. ಅಲ್ಲಿ ಕಾರ್ಯಕ್ರಮಕ್ಕೆ ಹೋದಾಗೆಲ್ಲ ಈ ಗಲ್ಲಿಗಳಲ್ಲೇ ಅಲ್ಲವೇ ಆ ಮನುಷ್ಯ ಓಡಾಡಿದ್ದು ಅಂತ ನೆನಪಾಗುತ್ತೆ. ಅವರು ಮಾಸ್ತರರಾಗಿದ್ದರು ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅವರ ಕೈಕೆಳಗೆ ಪೊಲೀಸ್ ಟೀಮು 1950ರಿಂದ 1954ರ ತನಕ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಮುಂಬೈ ಕನ್ನಡಿಗರಲ್ಲಿ ಹಿರಿಯರಿಗೆ ಕೂಪರೇಜ್ ಮೈದಾನದ ರೋವರ್ಸ್ ನೆನಪಿರಬಹುದು. ಆ ಟೂರ್ನಮೆಂಟೇ ನಿಂತುಹೋಗಿ ಕಾಲವಾಯಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಬಂದರೂ ಕಪ್ ಮಾತ್ರ ಹೈದರಾಬಾದಿನ ರೈಲು ಹತ್ತುತ್ತಿತ್ತು. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಗೇಮ್ಸ್‌ಗೆ ಅವರೇ ಭಾರತದ ಕೋಚ್. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದು ಗೋಲಿನಿಂದ ಇರಾನ್ ಸೋತಿತು, ನಮಗೆ ಚಿನ್ನ.

ಇಲ್ಲಿಗೆ ನಿಲ್ಲಿಸಿದರೆ ಕೋಚೇ ಎಲ್ಲ ಅಂತ ತೀರ್ಪು ಕೊಟ್ಟುಬಿಡಬಹುದು. ಆದರೆ ಮುಂದಿನ ವರ್ಷದ ಲೆಕ್ಕ ನೋಡಿ. 1952, ಹೆಲ್ಸಿಂಕಿ ಒಲಿಂಪಿಕ್ಸ್. ಅದೇ ರಹೀಂ ಸಾಬ್, ಕ್ಯಾಪ್ಟನ್ ಅದೇ ಶೈಲೇನ್ ಮನ್ನಾ. ಮೊದಲ ಮ್ಯಾಚಿಗೇ ಯುಗೊಸ್ಲಾವಿಯಾ ಎದುರು 10-1ರಿಂದ ಸೋಲು! ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ "ಪಂಚ ಪಾಂಡವ"ರಲ್ಲಿ ಒಬ್ಬರು, ಚೆಂಡನ್ನ ಹಾವಾಡಿಗನ ಹಾಗೆ ಆಡಿಸುತ್ತಿದ್ದರಂತೆ. ಹಾಗಾದರೆ ಒಂದೇ ವರ್ಷದಲ್ಲಿ ಕೋಚ್ ದಡ್ಡರಾದರಾ? ಆಟಗಾರರು ಆಟ ಮರೆತರಾ? ಎರಡೂ ಅಲ್ಲ. ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲಿ ಆಡುವವರು. ಹೋಗಿ ನಿಂತದ್ದು ಫಿನ್ಲೆಂಡಿನ ಮೈದಾನದಲ್ಲಿ. ಇಲ್ಲಿನ ಮ್ಯಾಚುಗಳು 90 ನಿಮಿಷಕ್ಕಿಂತ ಕಡಿಮೆ ಹೊತ್ತಿನವು, ಅಲ್ಲಿ ಪೂರಾ 90. ಎದುರಾಳಿಯೂ ಸಾಮಾನ್ಯದ್ದಲ್ಲ, ಕೊನೆಗೆ ಬೆಳ್ಳಿ ಗೆದ್ದ ತಂಡ.

ಸೋತು ಬಂದ ಕೋಚನ್ನ ಇವತ್ತಾದರೆ ವಿಮಾನ ಇಳಿಯುವ ಮೊದಲೇ ತೆಗೆಯುತ್ತಿದ್ದರು. ರಹೀಂ ಸಾಬರ ಮೇಲೂ ಮಾತು ಬಂದಿರಲೇಬೇಕು. ಆದರೆ ಅವರ ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಅದು ನಮ್ಮ ಪುಣ್ಯ. ಬರಿಗಾಲಿನ ಆಟ ಸಾಕು, ಬೂಟು ಕಡ್ಡಾಯ ಅಂತ ಫೆಡರೇಷನ್ ತೀರ್ಮಾನಿಸಿತು. ಅದು ಫೆಡರೇಷನ್ ಮಾಡಿದ್ದು. ರಹೀಂ ಸಾಬ್ ಮಾಡಿದ್ದು ಬೇರೆ. ನಮ್ಮ ಆಟಗಾರರಿಗೆ ಚೆಂಡು ಸಿಕ್ಕರೆ ಬಿಡಲು ಮನಸ್ಸಿಲ್ಲ, ಮೂರು ಜನರನ್ನ ದಾಟಿಸಿ ಚಪ್ಪಾಳೆ ತಗೊಂಡು ನಾಲ್ಕನೆಯವನಿಗೆ ಒಪ್ಪಿಸುವ ಜಾತಿ. ಈ ಚಟ ಬಿಡಿಸಲು ಡ್ರಿಬಲ್ ಮಾಡಬಾರದು ಅನ್ನುವ ನಿಯಮ ಇಟ್ಟು ಪಂದ್ಯಗಳನ್ನ ನಡೆಸಿದರು. ಬಲಗಾಲಿನವನಿಗೆ ಎಡಗಾಲು ಪಳಗಲಿ ಅಂತ, ಸೋತ ಕಾಲಲ್ಲಿ ಮಾತ್ರ ಆಡಬೇಕಾದ ಪಂದ್ಯಗಳನ್ನೂ ಇಟ್ಟರು. ಇದು ಕೋಚಿನ ಬುದ್ಧಿ ಅಲ್ಲ ಸ್ವಾಮಿ, ಶಾಲಾ ಮಾಸ್ತರ ಬುದ್ಧಿ. ಮಗ್ಗಿ ಬಾರದ ಹುಡುಗನಿಗೆ ಮಗ್ಗಿಯನ್ನೇ ನೂರು ಸಲ ಬರೆಸುತ್ತಿದ್ದರಲ್ಲ, ಹಾಗೆ. ಹಂಗೇರಿಯವರು ಆಗ ಸೆಂಟರ್ ಫಾರ್ವರ್ಡನ್ನ ಹಿಂದಕ್ಕೆಳೆದು ಆಡಿಸಿ ಯುರೋಪನ್ನೇ ಗಿರಗಿರ ತಿರುಗಿಸುತ್ತಿದ್ದರು. ಅದನ್ನೂ ಇಲ್ಲಿಗೆ ತಂದರು.

1956, ಮೆಲ್ಬೋರ್ನ್. ಆಸ್ಟ್ರೇಲಿಯಾವನ್ನ ಅವರ ನೆಲದಲ್ಲೇ 4-2ರಿಂದ ಸೋಲಿಸಿದೆವು. ಬೊಂಬಾಯಿಯ ನೆವಿಲ್ ಡಿಸೋಜಾ ಮೂರು ಗೋಲು, ಒಲಿಂಪಿಕ್ಸ್‌ನಲ್ಲಿ ಏಷ್ಯಾದವರೊಬ್ಬರ ಮೊದಲ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಎದುರು ನಿಂತವರು ಯಾರು? ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಹೊಡೆದದ್ದು ನಾವು, ಮತ್ತೆ ನೆವಿಲ್. ಆಮೇಲೆ ಅವರು ನಾಲ್ಕು ಹೊಡೆದರು. 4-1. ಕಂಚಿನ ಪದಕದ ಮ್ಯಾಚನ್ನೂ ಬಲ್ಗೇರಿಯಾಕ್ಕೆ ಸೋತು ನಾಲ್ಕನೇ ಸ್ಥಾನ.

ಸೋಲು ಸೋಲೇ, ಒಪ್ಪಿದೆ. ಆದರೆ ನಾವು ಬ್ಯಾಂಕಿನವರು ಒಂದೇ ವರ್ಷದ ಬ್ಯಾಲೆನ್ಸ್ ಶೀಟ್ ನೋಡಿ ಸಾಲ ಕೊಡುವುದಿಲ್ಲ, ಹಿಂದಿನದನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ. ಅದೇ ಎದುರಾಳಿ, ಅದೇ ಕೋಚ್, ನಡುವೆ ನಾಲ್ಕು ವರ್ಷ. 10-1 ಹೋಗಿ 4-1 ಆಯಿತು.

"ಆಟಗಾರರು ಬದಲಾಗಿದ್ದರಲ್ಲ ಮಾಮಾ?" ಅಂದ ನಮ್ಮ ಅಳಿಯ. ಸರಿಯಾದ ಪ್ರಶ್ನೆ. ಬದಲಾಗಿದ್ದರು. ನೂರ್ ಮೊಹಮ್ಮದ್, ಅಜೀಜುದ್ದೀನ್, ತುಳಸಿದಾಸ್ ಬಲರಾಂ, ಜುಲ್ಫಿಕರುದ್ದೀನ್, ಅಹ್ಮದ್ ಹುಸೇನ್... ಎಲ್ಲ ಹೈದರಾಬಾದಿನ ಹುಡುಗರು. ಅವರೆಲ್ಲ ಎಲ್ಲಿಂದ ಬಂದರು ಅನ್ನೋದೇ ನನ್ನ ಮಾತು. ಬಲರಾಮನ ಕಥೆ ಕೇಳಿ. ಸಿಕಂದರಾಬಾದ್ ಹತ್ತಿರದ ಅಮ್ಮುಗುಡದ ಬಡ ತಮಿಳು ಮನೆಯ ಹುಡುಗ. ಆಟ ನೋಡಿ ರಹೀಂ ಸಾಬ್ ಹೈದರಾಬಾದಿಗೆ ಪ್ರಾಕ್ಟೀಸಿಗೆ ಬಾ ಅಂದರು. ಬರಲು ದುಡ್ಡಿಲ್ಲ ಅಂದ ಹುಡುಗ. ಸೈಕಲ್ ಬಾಡಿಗೆಗೆ ದುಡ್ಡು ಅವರೇ ಕೊಟ್ಟರು. ಆ ಬಾಡಿಗೆ ಸೈಕಲ್ಲಿನ ಹುಡುಗ ಮೆಲ್ಬೋರ್ನ್‌ಗೆ ಹೋದ, ರೋಮ್‌ನಲ್ಲಿ ಹಂಗೇರಿಗೂ ಪೆರುವಿಗೂ ಗೋಲು ಹೊಡೆದ. 2023ರಲ್ಲಿ ತೀರಿಕೊಂಡಾಗ ಬಂಗಾಳದ ಪತ್ರಿಕೆಗಳಲ್ಲಿ ಬಂದಷ್ಟು ಸುದ್ದಿ ಇಲ್ಲಿ ಬಂದಹಾಗೆ ನನಗೆ ಕಾಣಲಿಲ್ಲ.

ಈಗ ಹೇಳಿ, ಬಲರಾಂ ಪ್ರತಿಭೆಯ ಖಾತೆಗೋ, ಕೋಚಿನ ಖಾತೆಗೋ? ಹುಡುಗನ ಕಾಲು ದೇವರು ಕೊಟ್ಟದ್ದು. ಸೈಕಲ್ ಬಾಡಿಗೆ ರಹೀಂ ಸಾಬ್ ಕೊಟ್ಟದ್ದು. ಯಾವುದು ಇಲ್ಲದಿದ್ದರೂ ಮೆಲ್ಬೋರ್ನ್ ಇಲ್ಲ.

ಪ್ರತಿಭೆಯ ಪರ ವಾದಿಸುವವರಿಗೆ ನಮ್ಮ ಬೆಂಗಳೂರೇ ಒಳ್ಳೇ ಸಾಕ್ಷಿ ಅನ್ನುವುದನ್ನೂ ಹೇಳಿಬಿಡುತ್ತೇನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ನಮ್ಮ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ರಹೀಂ ಸಾಬರಂಥ ದೊಡ್ಡ ಹೆಸರು ಅಲ್ಲಿ ಯಾವುದೂ ಕೇಳಿಬರುವುದಿಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳೇ ಕೋಚು. ಆದರೆ ಆಮೇಲೆ ಏನಾಯಿತು? ಮುಂದಿನ ಕಪ್ಪಿಗೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು, 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸುವ ತನಕ. ಗಲ್ಲಿ ಹುಡುಗರನ್ನ ಕೊಡುತ್ತೆ, ನಿಜ. ಎಷ್ಟು ದಿನ ಕೊಡುತ್ತೆ ಅನ್ನೋದಕ್ಕೆ ಗ್ಯಾರಂಟಿ ಪತ್ರ ಕೊಡೋದಿಲ್ಲ.

ಇನ್ನು 1962ರ ಜಕಾರ್ತ. ಕೋಚ್ ಮೈದಾನದ ಅಂಚಲ್ಲಿ ನಿಂತು ಏನು ಮಾಡಬಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಎರಡು ವರ್ಷ ಮೊದಲು ರೋಮ್‌ನಲ್ಲಿ ಹಂಗೇರಿಗೆ 2-1ರಿಂದ ಸೋತು, ಫ್ರಾನ್ಸ್ ಜತೆ 1-1 ಸಮ ಮಾಡಿ, ಪೆರುವಿಗೆ ಸೋತು ಗುಂಪಿನಲ್ಲಿ ಕೊನೆಯವರಾಗಿ ಬಂದಿದ್ದರು. ಜಕಾರ್ತದಲ್ಲೂ ಮೊದಲ ಮ್ಯಾಚೇ ದಕ್ಷಿಣ ಕೊರಿಯಾಕ್ಕೆ 2-0 ಸೋಲು. ರಹೀಂ ಸಾಬರಿಗೆ ಆಗಲೇ ಶ್ವಾಸಕೋಶದ ಕ್ಯಾನ್ಸರ್. ಥೈಲೆಂಡ್, ಜಪಾನ್ ಮೇಲೆ ಗೆದ್ದರೂ ಜರ್ನೈಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡಿದ್ದರು. ಜರ್ನೈಲ್ ಅಂದರೆ ನಮ್ಮ ರಕ್ಷಣೆಯ ಗೋಡೆ. ಆ ತಲೆಯಲ್ಲಿ ಹಿಂದೆ ನಿಂತು ಹೆಡ್ ಮಾಡಿಸುವುದು ಹೇಗೆ? ಯಾರೂ ಊಹಿಸದ ಕೆಲಸ ಮಾಡಿದರು. ಡಿಫೆಂಡರನ್ನ ತೆಗೆದು ಮುಂದೆ ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೆ ಜರ್ನೈಲ್ ಒಂದು ಗೋಲು, ಕ್ಯಾಪ್ಟನ್ ಚುನಿ ಗೋಸ್ವಾಮಿ ಎರಡು, 3-2.

ಸೆಪ್ಟೆಂಬರ್ 4ರ ಫೈನಲ್. ಇಸ್ರೇಲ್, ತೈವಾನ್‌ಗಳನ್ನ ಇಂಡೋನೇಷ್ಯಾ ಆಟಕ್ಕೆ ಬಿಟ್ಟುಕೊಳ್ಳಲಿಲ್ಲ ಅಂತ ನಮ್ಮ ಸೋಂಧಿಯವರು ತಕರಾರು ತೆಗೆದಿದ್ದರಿಂದ ಇಡೀ ಸ್ಟೇಡಿಯಂ ಭಾರತದ ಮೇಲೆ ಸಿಟ್ಟಾಗಿತ್ತು. ಜ್ವರ ಬಂದಿದ್ದ ಎತ್ತರದ ತಂಗರಾಜರನ್ನ ಗೋಲಿಗೆ ನಿಲ್ಲಿಸಿದರು. ಹದಿನೇಳನೇ ನಿಮಿಷ ಪಿ.ಕೆ. ಬ್ಯಾನರ್ಜಿ, ಇಪ್ಪತ್ತನೇ ನಿಮಿಷ ಜರ್ನೈಲ್. ಕೊರಿಯಾ ಕೊನೆಯಲ್ಲಿ ಒಂದು ಹೊಡೆಯಿತು ಅಷ್ಟೇ. 2-1, ಚಿನ್ನ. ಆ ಮೇಲೆ ಇವತ್ತಿನ ತನಕ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಚಿನ್ನ ಬಂದಿಲ್ಲ.

1963ರ ಜೂನ್ 11ರಂದು ರಹೀಂ ಸಾಬ್ ತೀರಿಕೊಂಡರು. ಚುನಿ, ಜರ್ನೈಲ್ ಇದ್ದರು, ಇನ್ನೂ ಆಡುವ ವಯಸ್ಸು. 1964ರ ಏಷ್ಯಾ ಕಪ್‌ನಲ್ಲಿ ಇಂಗ್ಲಿಷ್ ಕೋಚ್ ಹ್ಯಾರಿ ರೈಟ್ ಕೈಕೆಳಗೆ ಎರಡನೇ ಸ್ಥಾನ ಬಂತು. ಆದರೆ ಟೋಕಿಯೋ ಒಲಿಂಪಿಕ್ಸ್‌ಗೆ ಇರಾನ್ ಎದುರು ಸೋತು ಅರ್ಹತೆಯೇ ಸಿಗಲಿಲ್ಲ. 1966ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಗುಂಪು ದಾಟಲಿಲ್ಲ. 1970ರಲ್ಲಿ ಒಂದು ಕಂಚು. ಆ ಕಂಚಿನ ತಂಡದ ಕ್ಯಾಪ್ಟನ್ ಸೈಯದ್ ನಯೀಮುದ್ದೀನ್, ಜತೆಗೆ ಮೊಹಮ್ಮದ್ ಹಬೀಬ್. ಇಬ್ಬರೂ ಹೈದರಾಬಾದಿನವರು, ರಹೀಂ ಸಾಬರು ಹೋದಾಗ ಇಬ್ಬರೂ ಇನ್ನೂ ಚಿಕ್ಕ ವಯಸ್ಸಿನವರು. ಅಂದರೆ ಅವರು ಬಿತ್ತಿದ ಹೊಲದ ಕೂಳೆ ಬೆಳೆ ಏಳೆಂಟು ವರ್ಷ ಬಂತು.

ನಮ್ಮ ಬ್ಯಾಂಕುಗಳಲ್ಲಿ ಇದು ದಿನಾ ನೋಡುವ ವಿಷಯ. ಇವತ್ತು ಬ್ರಾಂಚಿನಲ್ಲಿ ಕೆಟ್ಟ ಸಾಲ ಕುಪ್ಪೆಯಾಗಿದ್ದರೆ ಇವತ್ತಿನ ಮ್ಯಾನೇಜರನ್ನ ಬೈತಾರೆ, ಟ್ರಾನ್ಸ್‌ಫರ್ ಮಾಡ್ತಾರೆ. ಆ ಸಾಲ ಕೊಟ್ಟವನು ಮೂರು ಮ್ಯಾನೇಜರ್ ಹಿಂದಿನವನು, ಆರಾಮಾಗಿ ರಿಟೈರಾಗಿ ಮೊಮ್ಮಕ್ಕಳನ್ನ ಆಡಿಸುತ್ತಿರುತ್ತಾನೆ. ಫುಟ್‌ಬಾಲ್ ಟೀಮಿನ ಸೋಲು-ಗೆಲುವೂ ಹಾಗೇ, ತಡವಾಗಿ ಬರುವ ಬಿಲ್ಲು.

ಕೋಚು ದೊಡ್ಡವನೋ ಆಟಗಾರ ದೊಡ್ಡವನೋ ಅನ್ನುವ ಜಗಳದಲ್ಲಿ ನನಗೆ ನಂಬಿಕೆ ಇಲ್ಲ. ಅಳಿಯನಿಗೆ ಹೇಳಿದ್ದೂ ಇದನ್ನೇ. ಮ್ಯಾಚಿನ ದಿನ ಗೆರೆಯ ಪಕ್ಕ ನಿಂತು ಕೂಗುವವನಿಂದ ಹೆಚ್ಚೆಂದರೆ ಒಂದು ಜರ್ನೈಲ್ ಸಿಂಗನ್ನ ಮುಂದೆ ಕಳಿಸುವಷ್ಟು ಆದೀತು, ಅದಕ್ಕೂ ಜರ್ನೈಲ್ ಇರಬೇಕು. ಅಮ್ಮುಗುಡದ ತನಕ ಹೋಗಿ ಹುಡುಗರನ್ನ ನೋಡುವವನು, ಸೋತ ಕಾಲಿನ ಪಂದ್ಯ ಇಡುವವನು, ಹದಿಮೂರು ವರ್ಷ ಒಂದೇ ಕಡೆ ಬಿಡದೆ ನಿಲ್ಲುವವನು ಪ್ರತಿಭೆಯನ್ನೇ ಬೆಳೆಸುತ್ತಾನೆ. ನಿಮ್ಮ ಕೋಚು ಬಂದು ಎಷ್ಟು ದಿನವಾಗಿತ್ತು ಅಂತ ಕೇಳಿದೆ. "ಆಗಸ್ಟಿನಾಗ ಬಂದಿದ್ರು ಮಾಮಾ" ಅಂದ. ಮ್ಯಾಚುಗಳು ನವೆಂಬರಿನಲ್ಲಿ!

ಹೈದರಾಬಾದಿನ ಫುಟ್‌ಬಾಲ್ ಒಣಗಿದ್ದಕ್ಕೆ ರಹೀಂ ಸಾಬರ ಸಾವೊಂದೇ ಕಾರಣ ಅಂತಲೂ ಹೇಳಲಾರೆ. ಒಳ್ಳೇ ಆಟಗಾರರನ್ನ ಕಲ್ಕತ್ತೆಯ ಕ್ಲಬ್ಬುಗಳು ಎಳೆದುಕೊಂಡವು. ಬಲರಾಂ 1957ರಲ್ಲೇ ಈಸ್ಟ್ ಬೆಂಗಾಲ್‌ಗೆ ಹೋದರು, ಹಬೀಬ್, ನಯೀಮ್ ಅದೇ ರೈಲು ಹತ್ತಿದರು. ಪೊಲೀಸ್ ನೌಕರಿಯ ಸಂಬಳ ಎಲ್ಲಿ, ಕಲ್ಕತ್ತೆ ಎಲ್ಲಿ. ಇಲ್ಲಿನ ಹುಡುಗರು ಕ್ರಿಕೆಟ್ಟಿನ ಕಡೆ ತಿರುಗಿದರು, ಖಾಲಿ ಮೈದಾನಗಳಲ್ಲಿ ಅಪಾರ್ಟ್‌ಮೆಂಟು ಎದ್ದವು, ನಾನೂ ಅಂಥದ್ದೊಂದರಲ್ಲೇ ಇದ್ದೇನೆ. ಆದರೆ ಹೋದವರ ಜಾಗಕ್ಕೆ ಹೊಸಬರನ್ನ ಹುಡುಕಿ ತರುವ ಮನುಷ್ಯ ಇದ್ದಿದ್ದರೆ ಇಷ್ಟು ಬೇಗ ಬರಿದಾಗುತ್ತಿರಲಿಲ್ಲ ಅನ್ನಿಸುತ್ತೆ.

2024ರಲ್ಲಿ ರಹೀಂ ಸಾಬರ ಮೇಲೆ "ಮೈದಾನ್" ಅನ್ನುವ ಹಿಂದಿ ಸಿನಿಮಾ ಬಂತು, ಅಜಯ್ ದೇವಗನ್ ಮಾಡಿದ್ದಾರೆ, ಸಿಕ್ಕರೆ ನೋಡಿ. ಅದನ್ನ ನೋಡಲು ಅವರ ಮಗ ಇರಲಿಲ್ಲ. ಸೈಯದ್ ಶಾಹಿದ್ ಹಕೀಂ 1960ರ ರೋಮ್ ತಂಡದಲ್ಲಿದ್ದವರು. ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು, ಅಂತರರಾಷ್ಟ್ರೀಯ ರೆಫರಿಯೂ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್ 22ರಂದು ತೀರಿಕೊಂಡರು. ಎಲ್ಲಿ ಅಂತೀರಿ? ನಮ್ಮ ಗುಲ್ಬರ್ಗಾದ ಆಸ್ಪತ್ರೆಯಲ್ಲಿ.