ಆರೂ ಗೆಲ್ಲದ್ದ ಓಟ

ಮೊನ್ನೆ ಹೊತ್ತೋಪಗ ಅಣ್ಣನ ಮಾಣಿ ಟೀವಿಲಿ ಸೈಕಲ್ ಓಟ ನೋಡಿಗೊಂಡಿತ್ತಿದ್ದ°. "ಅಪ್ಪಚ್ಚೀ, ಓಟಲ್ಲಿ ಆರೂ ಗೆಲ್ಲದ್ದೆ ಇಪ್ಪಲೆ ಎಡಿಗೋ?" ಕೇಳಿದ°. ಎಡಿಗು, ಒಂದರಿ ಹಾಂಗೇ ಆಯಿದು. ಆ ಶುದ್ದಿಯ ನಿಂಗೊಗೂ ಹೇಳ್ತೆ.

1995ರ ಟೂರ್ ದ ಫ್ರಾನ್ಸ್. ಜುಲೈ 18ಕ್ಕೆ ಪಿರನೀಸ್ ಗುಡ್ಡೆಗಳಲ್ಲಿ 15ನೇ ಹಂತದ ಓಟ. ಪೋರ್ತೆ ದಾಸ್ಪೆ ಹೇಳ್ತ ಘಾಟಿ ಇಳಿವಗ ಕೆಲವು ಜೆನ ಒಟ್ಟಿಂಗೆ ಬಿದ್ದವು. ಅದರಲ್ಲಿ ಇಟಲಿಯ ಫಾಬಿಯೋ ಕಸಾರ್ತೆಲ್ಲಿಯೂ ಒಬ್ಬ°. 24 ವರ್ಷದ ಜವ್ವನಿಗ. 1992ರ ಬಾರ್ಸಿಲೋನಾ ಒಲಿಂಪಿಕ್ಸಿಲಿ ಚಿನ್ನದ ಪದಕ ತೆಗದವ°. ಮನೆಲಿ ಹೆಂಡತ್ತಿ, ಕೆಲವೇ ತಿಂಗಳಿನ ಶಿಶು. ತಲೆಲಿ ಹೆಲ್ಮೆಟ್ ಇತ್ತಿಲ್ಲೆ. ಮಾರ್ಗದ ಕರೆಯ ಕಾಂಕ್ರೀಟಿನ ಕಟ್ಟೆಗೆ ತಲೆ ಬಡುದತ್ತು. ಆಸ್ಪತ್ರೆಗೆ ಕೊಂಡೋದರೂ ಜೀವ ಒಳಿಶುಲೆ ಎಡಿಗಾಯಿದಿಲ್ಲೆ.

ಆ ದಿನದ ಓಟ ಮಾಂತ್ರ ನಿಂದಿದಿಲ್ಲೆ. ಫ್ರಾನ್ಸಿನ ರಿಶಾರ್ ವಿರಾಂಕ್ ಗೆದ್ದ°, ವೇದಿಕೆಲಿ ಮರ್ಯಾದಿಯೂ ಆತು.

ಮರದಿನ ತಾರ್ಬ್ ಊರಿಂದ ಪೋ ಊರಿಂಗೆ ಓಟ. ಘಾಟಿ ಮೇಲೆ ಘಾಟಿ. ಮುಂದೆ ಹಾರಿ ಹೋಪೋರಿಂಗೆ ಒಳ್ಳೆ ಜಾಗೆ. ಆದರೆ ಆರೂ ಹಾರಿದ್ದವಿಲ್ಲೆ. ಮುನ್ನಾಣ ದಿನ ವರೆಗೆ ಸೆಕೆಂಡು ಸೆಕೆಂಡಿಂಗೆ ಬಡಿದಾಡಿದೋರು, ದಿನ ಇಡೀ ಮೆಲ್ಲಂಗೆ, ಒಟ್ಟಿಂಗೆ ಪೆಡಲು ಮೆಟ್ಟಿಗೊಂಡು ಬಂದವು. ಪೋ ಎತ್ತುಲಪ್ಪಗ ಎಲ್ಲೋರೂ ಹಿಂದೆ ನಿಂದು, ಕಸಾರ್ತೆಲ್ಲಿಯ ಮೋಟೊರೋಲಾ ತಂಡದೋರ ಮುಂದೆ ಬಿಟ್ಟವು. ಗೆರೆ ಮದಾಲು ಮುಟ್ಟಿದ್ದು ಅದೇ ತಂಡದ ಆಂದ್ರೆಯಾ ಪೆರೋನ್. ಆ ದಿನದ ಸಮಯವ ಲೆಕ್ಕಕ್ಕೆ ಹಿಡುದ್ದವಿಲ್ಲೆ. ಬಹುಮಾನದ ಪೈಸೆ ತೀರಿಹೋದವನ ಮನೆಯವಕ್ಕೆ ಹೋತು.

ನಮ್ಮಲ್ಲಿಯೂ ನೆರೆಕರೆಲಿ ಒಂದು ಮರಣ ಆದರೆ ಅಡಕ್ಕೆ ಕೊಯಿವದರ ನಿಲ್ಲುಸುತ್ತವನ್ನೇ? ಗಡಿ ತಕರಾರಿನೋನೂ ಹೆಗಲು ಕೊಡ್ಲೆ ಬತ್ತ°. ಹಾಂಗೇ ಇದುದೇ.

ಆದರೆ ಈ ಶುದ್ದಿಲಿ ಒಂದು ಮುಳ್ಳಿದ್ದು. 1991ರಲ್ಲೇ ಹೆಲ್ಮೆಟ್ ಕಡ್ಡಾಯ ಮಾಡ್ಲೆ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ಹೆರಟಿತ್ತು. ಸವಾರರೇ ಒಟ್ಟಾಗಿ ಬೇಡ ಹೇಳಿದವು. ನಿಯಮ ಹಿಂದೆ ಹೋತು. ಕಸಾರ್ತೆಲ್ಲಿ ಹೋದ ಮೇಲೆಯೂ ಬಯಿಂದಿಲ್ಲೆ. 2003ರ ಮಾರ್ಚಿಲಿ ಪ್ಯಾರಿಸ್-ನೀಸ್ ಓಟಲ್ಲಿ ಕಝಾಕಿಸ್ತಾನದ ಆಂದ್ರೇ ಕಿವಿಲೆವ್ ಬಿದ್ದು ತೀರಿಹೋದ°. ಅವನ ತಲೆಲಿಯೂ ಹೆಲ್ಮೆಟ್ ಇತ್ತಿಲ್ಲೆ. ಮರದಿನ ಪುನಾ ಅದೇ ಮೌನದ ಸವಾರಿ. ಆ ವರ್ಷದ ಮೇ ತಿಂಗಳಿಲಿ ಅಖೇರಿಗೆ ಹೆಲ್ಮೆಟ್ ಕಡ್ಡಾಯ ಆತು.

ಬೇಡ ಹೇಳ್ಲೂ ಒಟ್ಟಾದವು, ಕೂಗುಲೂ ಒಟ್ಟಾದವು. ಆ ಒಗ್ಗಟ್ಟು ರಜ್ಜ ಬೇಗ ಜಾಗ್ರತೆಗೆ ಸಿಕ್ಕಿದ್ದರೆ ಹೇಳಿ ಎನಗೆ ಕಾಂಬದು.

ಮಾಣಿ ಎಂತದೂ ಹೇಳಿದ್ದನಿಲ್ಲೆ. ಮರದಿನ ಉದಿಯಪ್ಪಗ ಸೈಕಲಿಲಿ ಶಾಲೆಗೆ ಹೆರಡುವಗ ಮೊಳೆಲಿ ನೇತುಗೊಂಡಿದ್ದ ಹೆಲ್ಮೆಟಿನ ಅವನ ಕೈಗೆ ಕೊಟ್ಟೆ. ಬಾಯಿ ಮುಚ್ಚಿ ಹಾಕಿಗೊಂಡ°. ಮತ್ತೆ ಎನ್ನ ಬೈಕಿನ ಹೊಡೆಂಗೆ ನೋಡಿದ°.

"ನಿಂಗಳದ್ದೆಲ್ಲಿದ್ದು ಅಪ್ಪಚ್ಚೀ?"

ಎನ್ನದು ಮೂರು ತಿಂಗಳಿಂದ ಅಟ್ಟಲ್ಲಿತ್ತು. ಹತ್ತಿ ತಂದೆ.